ಕೆಲಸಕ್ಕೆ ಎಲೆಕ್ಟ್ರೀಷಿಯನ್, ಸಂಬಳಕ್ಕೆ ಹೆಲ್ಪರ್

ರಾತ್ರಿ ಒಂಬತ್ತರ ಚರ್ಚೆ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ಮೊದಲು ಪ್ರಾಂಪ್ಟರ್ ಹೋಯ್ತು. ಆಮೇಲೆ ಲೈಟು. ಕೊನೆಗೆ ಕಿವಿಯಲ್ಲಿದ್ದ ಪ್ರೊಡ್ಯೂಸರ್ ದನಿಯೂ ಹೋಯ್ತು. ಎದುರಿಗೆ ಮೂವರು ಅತಿಥಿಗಳು, ಕತ್ತಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣ್ತಿಲ್ಲ. ಪ್ರಸಾರದ ಕೋಣೆಗೆ ಬೇರೆ ಲೈನ್ ಇದ್ದದ್ದು ಪುಣ್ಯ, ಅಲ್ಲಿನವರು ಒಂದರ ಹಿಂದೆ ಒಂದು ಜಾಹೀರಾತು ಓಡಿಸಿ ಮಾನ ಉಳಿಸಿದರು.

ಆಗ ಟಾರ್ಚ್ ಹಿಡಿದು ಒಬ್ಬರು ಒಳಗೆ ಬಂದರು. ವಯಸ್ಸು ನಲವತ್ತೈದರ ಆಸುಪಾಸು, ಜೇಬಲ್ಲಿ ಟೆಸ್ಟರ್, ಕಾಲಲ್ಲಿ ಹವಾಯಿ ಚಪ್ಪಲಿ. ಪ್ಯಾನೆಲ್ ತೆಗೆದರು, ಏನೋ ಮೂಸಿ ನೋಡಿದರು, ಇನ್ನೊಂದು ಕಡೆ ಓಡಿದರು. ಏಳನೇ ನಿಮಿಷಕ್ಕೆ ಸ್ಟುಡಿಯೋ ಬೆಳಗಿತು. ನಾನು ಟೈ ಸರಿ ಮಾಡಿಕೊಂಡು ಏನೂ ಆಗದವನ ಹಾಗೆ ಮತ್ತೆ ಶುರು ಮಾಡಿದೆ. ಆ ರಾತ್ರಿಯ ಚರ್ಚೆಯ ವಿಷಯ ಏನಿತ್ತು ಗೊತ್ತಾ? ಹೊರಗುತ್ತಿಗೆ ನೌಕರರ ಗೋಳು.

ಶೋ ಮುಗಿದ ಮೇಲೆ ಲಿಫ್ಟ್ ಹತ್ತಿರ ಸಿಕ್ಕರು. ಥ್ಯಾಂಕ್ಸ್ ಹೇಳಿದೆ. ಮಾತಿಗೆ ಮಾತು ಬಂತು. ಐಟಿಐ ಪಾಸು. ಆ ಕಟ್ಟಡದಲ್ಲಿ ಹನ್ನೊಂದು ವರ್ಷ. ಅಷ್ಟರಲ್ಲಿ ಮೂರು ಕಂಟ್ರಾಕ್ಟರುಗಳು ಬದಲಾದರು, ಇವರು ಬದಲಾಗಲಿಲ್ಲ. ಮೊಬೈಲ್ ತೆಗೆದು ಸಂಬಳದ ಚೀಟಿಯ ಫೋಟೊ ತೋರಿಸಿದರು. ಹುದ್ದೆ ಅನ್ನೋ ಕಡೆ ‘ಹೆಲ್ಪರ್’ ಅಂತಿತ್ತು, ಪಕ್ಕದಲ್ಲಿ ‘ಅನ್‌ಸ್ಕಿಲ್ಡ್’.

‘ಏನಪ್ಪಾ ಇದು, ನೀವು ಎಲೆಕ್ಟ್ರೀಷಿಯನ್ ಅಲ್ವಾ?’ ಅಂದೆ.

‘ಕೆಲಸಕ್ಕೆ ಎಲೆಕ್ಟ್ರೀಷಿಯನ್ ಸರ್. ಸಂಬಳಕ್ಕೆ ಹೆಲ್ಪರ್’ ಅಂದರು. ಕೋಪವೇನೂ ಇರಲಿಲ್ಲ. ಬಸ್ಸಿನ ಟೈಮು ಹೇಳಿದಷ್ಟೇ ಸಲೀಸಾಗಿ ಹೇಳಿದರು.

ಮನೆಗೆ ಹೋಗಿ ನಿದ್ದೆ ಬರಲಿಲ್ಲ ಅಂತ ನಾನು ಹೇಳಲ್ಲ. ಬಂತು. ಆದರೆ ಮಾರನೇ ದಿನದಿಂದ ಒಂದು ಪ್ರಶ್ನೆ ಹಿಂದೆ ಬಿತ್ತು. ಒಬ್ಬ ಮನುಷ್ಯನ ಕೈ ಮಾಡುವ ಕೆಲಸ ಒಂದು, ಅವನ ಕಾಗದ ಹೇಳುವ ಕೆಲಸ ಇನ್ನೊಂದು. ಇದು ಎಲ್ಲಿಂದ ಶುರುವಾಯ್ತು? ಈ ಕಾಲಂ ಬರೆದವರು ಯಾರು?

ಹಿಂದಕ್ಕೆ ಹೋಗೋಣ. ನಮ್ಮ ಹಳೇ ಮೈಸೂರಿನ ಊರುಗಳಲ್ಲಿ ನೀರುಗಂಟಿ ಇದ್ದ. ಕೆರೆಯ ತೂಬು, ಕಾಲುವೆ, ಏರಿಯ ಬಿರುಕು ನೋಡಿಕೊಳ್ಳೋದು ಅವನ ಕೆಲಸ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲು ಅಳೆದು ಕೊಡ್ತಿದ್ದರು. ಅದೇನು ರಾಮರಾಜ್ಯ ಆಗಿರಲಿಲ್ಲ. ಹುಟ್ಟಿದ ಜಾತಿ ನೋಡಿ ಹೊರಿಸಿದ ಕೆಲಸ, ಬಿಡ್ತೀನಿ ಅಂದರೆ ಬಿಡೋ ಹಾಗಿರಲಿಲ್ಲ. ಆದರೆ ಒಂದು ಮಾತು ನಿಜ. ಕೆರೆ ಇರೋವರೆಗೆ ನೀರುಗಂಟಿ ಬೇಕು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವನನ್ನು ‘ತಾತ್ಕಾಲಿಕ’ ಅಂತ ಯಾರೂ ಕರೆಯಲಿಲ್ಲ.

ಆ ಪದ ಬಂದದ್ದು ಲೆಕ್ಕಪತ್ರದ ಜೊತೆ. 1854ರಲ್ಲಿ ಡಾಲ್‌ಹೌಸಿ ಕಾಲಕ್ಕೆ ಲೋಕೋಪಯೋಗಿ ಇಲಾಖೆ ಹುಟ್ಟಿತು. ಮುಂದೆ ಈ ಇಲಾಖೆಯ ಲೆಕ್ಕದಲ್ಲಿ ಎರಡು ಬಗೆಯ ಸಿಬ್ಬಂದಿ ನಿಂತರು. ಒಬ್ಬರು ಇಲಾಖೆಯ ಕಾಯಂ ಜನ, ಅವರ ಸಂಬಳ ಇಲಾಖೆಯ ತಲೆಯ ಮೇಲೆ. ಇನ್ನೊಬ್ಬರು ‘ವರ್ಕ್ ಚಾರ್ಜ್ಡ್’. ಅಂದರೆ ಅವರ ಕೂಲಿ ಆಯಾ ಕಾಮಗಾರಿಯ ಲೆಕ್ಕಕ್ಕೆ. ರಸ್ತೆಗೆ ಜಲ್ಲಿ ಇಷ್ಟು, ಡಾಂಬರು ಇಷ್ಟು, ಆಳು ಇಷ್ಟು. ಮೂರೂ ಒಂದೇ ಅಂದಾಜು ಪಟ್ಟಿಯಲ್ಲಿ. ಸುಪ್ರೀಂ ಕೋರ್ಟು 1979ರ ಜಸ್ವಂತ್ ಸಿಂಗ್ ಪ್ರಕರಣದಲ್ಲಿ ಈ ಪದವನ್ನು ಬಿಡಿಸಿ ಹೇಳಿದ್ದೂ ಹೆಚ್ಚುಕಡಿಮೆ ಹೀಗೇ.

ಹೊಸ ಸೇತುವೆ ಕಟ್ಟುವಾಗ ಇದು ಸರಿ ಅನ್ನಿಸುತ್ತೆ. ಸೇತುವೆ ಮುಗೀತು, ಕೆಲಸ ಮುಗೀತು. ಆದರೆ ರಸ್ತೆ ಗ್ಯಾಂಗಿನವನ ಕಥೆ? ಅದೇ ಹತ್ತು ಮೈಲಿ, ಅದೇ ಮೋರಿ, ಪ್ರತಿ ಮಳೆಗಾಲ ಅದೇ ಗುಂಡಿ. ಮೂವತ್ತು ವರ್ಷ ಗುದ್ದಲಿ ಹಿಡಿದವನ ಹೆಸರು ಪ್ರತಿ ಅಂದಾಜು ಪಟ್ಟಿಯಲ್ಲಿ ಹೊಸದಾಗಿ ಹುಟ್ಟುತ್ತೆ, ಹಣ ಮುಗಿದಾಗ ಸಾಯುತ್ತೆ. ನಿರ್ವಹಣೆ ಕೆಲಸಕ್ಕೆ ಇದೊಂದು ಶಾಪ ನೋಡಿ. ಪ್ರತಿ ರಿಪೇರಿಯೂ ಬಿಡಿಯಾಗಿ ನೋಡಿದರೆ ತಾತ್ಕಾಲಿಕವೇ. ಫ್ಯೂಸ್ ಹೋಯ್ತು, ಹಾಕಿದ, ಮುಗೀತು. ಪೈಪ್ ಒಡೀತು, ಬಿಗಿದ, ಮುಗೀತು. ಆದರೆ ರಿಪೇರಿಯ ಅಗತ್ಯ ಮುಗಿಯೋದೇ ಇಲ್ಲ. ಲೆಕ್ಕದ ಪುಸ್ತಕಕ್ಕೆ ಮೊದಲನೆಯದು ಮಾತ್ರ ಕಾಣುತ್ತೆ.

ಕಾರ್ಖಾನೆಗಳಲ್ಲಿ ಬೇರೆ ದಾರಿಯಲ್ಲಿ ಇದೇ ಊರಿಗೆ ಬಂದರು. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲೋದು, ಯಾರಾದರೂ ರಜ ಹಾಕಿದರೆ ಅವರ ಜಾಗಕ್ಕೆ ಹೋಗೋದು. ಅವರೇ ‘ಬದಲಿ’ಗಳು. ಯಾರನ್ನು ಒಳಗೆ ಬಿಡಬೇಕು ಅನ್ನೋದು ಜಾಬರ್ ಕೈಯಲ್ಲಿ, ಆ ಕೈಗೆ ಏನಾದರೂ ಇಡಬೇಕು. 1935ರಲ್ಲಿ ಗಿರಣಿ ಮಾಲೀಕರ ಸಂಘ ಬದಲಿ ಕಾರ್ಡು ತಂದು ಇದನ್ನು ಹತೋಟಿಗೆ ತರಲು ನೋಡಿತು. ಈಗಲೂ ನಮ್ಮ ಕಾನೂನಿನ ಇಂಗ್ಲಿಷ್ ಪ್ರತಿಯಲ್ಲಿ ‘ಬದ್ಲಿ’ ಅನ್ನೋ ಪದ ಹಾಗೇ ಕೂತಿದೆ. ಗೇಟಿನ ಮುಂದಿನ ಮಾತು ಶಾಸನಕ್ಕೆ ಹೋಗಿ ಸೇರಿಕೊಂಡಿತು.

ಆ ಶಾಸನವೇ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ. ನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಮಾಲೀಕ ಕೆಲಸದ ಷರತ್ತುಗಳನ್ನು ಸ್ಪಷ್ಟವಾಗಿ ಬರೆದು, ಅಧಿಕಾರಿಯಿಂದ ಪ್ರಮಾಣೀಕರಿಸಿ, ಇಂಗ್ಲಿಷಿನಲ್ಲೂ ಹೆಚ್ಚು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬೋರ್ಡ್ ಹಾಕಬೇಕು. ಆ ಪಟ್ಟಿಯ ಒಂದನೇ ಐಟಂ ಯಾವುದು? ಸಂಬಳ ಅಲ್ಲ, ರಜೆ ಅಲ್ಲ. ಕೆಲಸಗಾರರ ವರ್ಗೀಕರಣ. ಕಾಯಂ, ಪ್ರೊಬೇಷನರ್, ಬದಲಿ, ತಾತ್ಕಾಲಿಕ, ಕ್ಯಾಶುಯಲ್, ಅಪ್ರೆಂಟಿಸ್. ಕೇಂದ್ರದ ಮಾದರಿ ನಿಯಮದಲ್ಲಿ ಆರು ಖಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕಂದ್ರೆ ಈ ಆರು ಖಾನೆಗಳನ್ನು ಬರೆದವರ ಮನಸ್ಸಲ್ಲಿ ಮೋಸ ಇರಲಿಲ್ಲ. ಮೂರು ತಿಂಗಳ ಪ್ರೊಬೇಷನ್ ಚೆನ್ನಾಗಿ ಮುಗಿಸಿದವನು ಕಾಯಂ ಅಂದರು. ತಾತ್ಕಾಲಿಕ ಯಾರು ಅಂದರೆ, ಸ್ವಭಾವದಲ್ಲೇ ತಾತ್ಕಾಲಿಕವಾದ, ಇಂತಿಷ್ಟು ಅವಧಿಯಲ್ಲಿ ಮುಗಿಯುವ ಕೆಲಸಕ್ಕೆ ಬಂದವನು ಅಂದರು. ಅಂದರೆ ಕಾನೂನು ಕೇಳಿದ್ದು ಕೆಲಸದ ಸ್ವಭಾವ ಏನು ಅಂತ. ನನ್ನ ಸ್ಟುಡಿಯೋದ ಕರೆಂಟು ನೋಡಿಕೊಳ್ಳುವುದು ಯಾವ ಲೆಕ್ಕದಲ್ಲಿ ‘ಇಂತಿಷ್ಟು ಅವಧಿಯಲ್ಲಿ ಮುಗಿಯುವ ಕೆಲಸ’ ಹೇಳಿ? ಆದರೆ ಮೇಜಿನ ಆಚೆ ಕೂತವರು ನೋಡಿದ್ದು ಕೆಲಸದ ಸ್ವಭಾವ ಅಲ್ಲ, ಬಿಲ್ಲಿನ ಸ್ವಭಾವ.

ಇನ್ನೊಂದು ಕಡೆ 1948ರ ಕನಿಷ್ಠ ವೇತನ ಕಾಯ್ದೆ ಬಂತು. ಅದರ ಅಧಿಸೂಚನೆಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಅನ್ನೋ ಮೆಟ್ಟಿಲು. ಅಲ್ಲೂ ಉದ್ದೇಶ ಒಳ್ಳೆಯದೇ, ಕಲಿತ ಕೈಗೆ ಹೆಚ್ಚು ಕೂಲಿ. ಆದರೆ ಯಾರ ಕೈ ಕಲಿತದ್ದು ಅಂತ ಟಿಕ್ ಹಾಕುವ ಪೆನ್ನು ಮಾಲೀಕನ ಜೇಬಲ್ಲಿದೆ. ‘ಹೆಲ್ಪರ್’ ಅಂತ ಬರೆದರೆ ಅಕುಶಲ. ಅಷ್ಟೇ.

ಕೆಲವು ಕಡೆ ಉಲ್ಟಾ ಆಟವೂ ನಡೆದಿದೆ, ಅದನ್ನೂ ಹೇಳಿಬಿಡ್ತೀನಿ. ಕೈಕೆಳಗೆ ಒಬ್ಬನೂ ಇಲ್ಲದ ಮೆಕ್ಯಾನಿಕ್‌ಗೆ ‘ಸೂಪರ್‌ವೈಸರ್’ ಅಂತ ಬ್ಯಾಡ್ಜು. ಅವನಿಗೆ ಖುಷಿ, ಮನೆಯಲ್ಲಿ ಸಿಹಿ. ಕೆಲಸ ಹೋದಾಗ ಲೇಬರ್ ಕೋರ್ಟಿನ ಬಾಗಿಲಲ್ಲಿ ಗೊತ್ತಾಗುತ್ತೆ, ನಿಗದಿತ ಸಂಬಳ ದಾಟಿದ ಸೂಪರ್‌ವೈಸರ್ ಕಾನೂನಿನ ಕಣ್ಣಲ್ಲಿ ‘ವರ್ಕ್‌ಮನ್’ ಅಲ್ಲ ಅಂತ. 1985ರ ಸೀಬಾ ಗೈಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೆಸರು ನೋಡಬೇಡಿ, ಅವನು ಮುಖ್ಯವಾಗಿ ಮಾಡೋ ಕೆಲಸ ನೋಡಿ ಅಂದಿತು. ಒಳ್ಳೆ ಮಾತು. ಇದೇ ಮಾತು ಸಂಬಳದ ಚೀಟಿಯವರೆಗೆ ಇಳಿದು ಬಂದಿದ್ದರೆ ನಾನು ಈ ಲೇಖನ ಬರೆಯಬೇಕಿರಲಿಲ್ಲ.

ಈಗ ನಮ್ಮ ರಾಜ್ಯಕ್ಕೆ ಬರೋಣ. ದೇಶದ ನೌಕರಿ ಕಾನೂನಿನ ಎರಡು ದೊಡ್ಡ ತಿರುವುಗಳು ಕರ್ನಾಟಕದ ದಿನಗೂಲಿಗಳಿಂದಲೇ ಬಂದವು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಮೊದಲನೆಯದು ಧಾರವಾಡದ್ದು. ಅಲ್ಲಿನ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ದೆಹಲಿಯವರೆಗೆ ಹೋಯ್ತು. ರಾಜ್ಯದಲ್ಲಿ ನಮ್ಮಂಥವರು ಸುಮಾರು 50,000 ಮಂದಿ ಇದ್ದಾರೆ, 16ರಿಂದ 20 ವರ್ಷ ದುಡಿದವರೂ ದಿನಗೂಲಿಗಳೇ ಅಂತ ಅವರ ಅರ್ಜಿ. 1990ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಅವರಿದ್ದ ಪೀಠ ಸರ್ಕಾರದ ಯೋಜನೆಯನ್ನು ತಿದ್ದಿ ಒಪ್ಪಿಕೊಂಡಿತು. 1984ರ ಜುಲೈ 1ಕ್ಕೆ ಮುಂಚೆ ಸೇರಿದವರಿಗೆ, ಹತ್ತು ವರ್ಷದ ಸೇವೆಯ ಲೆಕ್ಕದಲ್ಲಿ, ಹಂತಹಂತವಾಗಿ ಕಾಯಂ.

1984ರ ಜುಲೈ 1. ಈ ತಾರೀಖನ್ನು ನೆನಪಿಡಿ. ಅಲ್ಲಿಂದಾಚೆ ದಿನಗೂಲಿಗೆ ಯಾರನ್ನೂ ತೆಗೆದುಕೊಳ್ಳಬೇಡಿ ಅಂತ ಸರ್ಕಾರದ್ದೇ ಆದೇಶ. ತೆಗೆದುಕೊಳ್ಳೋದು ನಿಂತಿತಾ? ಎಲ್ಲಿ ನಿಲ್ಲುತ್ತೆ ಸ್ವಾಮಿ! 1985-86ರಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಮತ್ತೆ ದಿನಗೂಲಿಗಳನ್ನು ಇಟ್ಟುಕೊಂಡಿತು. ಅವರು ಹತ್ತು ವರ್ಷ ದಾಟಿ, ಕಾಯಂ ಮಾಡಿ ಅಂತ ಹೋದ ದಾವೆಯೇ ಮುಂದೆ ‘ಕರ್ನಾಟಕ ಸರ್ಕಾರ ವಿರುದ್ಧ ಉಮಾದೇವಿ’ ಆಯ್ತು. 2006ರ ಏಪ್ರಿಲ್ 10ಕ್ಕೆ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ನೇಮಕಾತಿ ನಿಯಮ ಪಾಲಿಸದೆ ಒಳಗೆ ಬಂದವರನ್ನು ಕೋರ್ಟುಗಳು ಕಾಯಂ ಮಾಡುವಂತಿಲ್ಲ, ಹಾಗೆ ಮಾಡಿದರೆ ಹೊರಗೆ ಅರ್ಜಿ ಹಿಡಿದು ನಿಂತ ಲಕ್ಷಾಂತರ ನಿರುದ್ಯೋಗಿಗಳಿಗೆ ಅನ್ಯಾಯ ಅಂದಿತು. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆಸರೆ ಇಲ್ಲದೆ ಹತ್ತು ವರ್ಷ ಮುಗಿಸಿದವರಿಗೆ ಒಂದು ಸಲ ಮಾತ್ರ ಅವಕಾಶ ಕೊಡಿ ಅಂತಲೂ ಹೇಳಿತ್ತು. ಇಲಾಖೆಗಳು ಮೊದಲ ಅರ್ಧ ಬಾಯಿಪಾಠ ಮಾಡಿದವು, ಎರಡನೇ ಅರ್ಧ ಮರೆತವು.

ತೀರ್ಪಿನ ತರ್ಕ ತಪ್ಪು ಅಂತ ನಾನು ಹೇಳಲ್ಲ. ಹಿಂಬಾಗಿಲ ನೇಮಕಾತಿ ಅನ್ನೋದು ನಮ್ಮಲ್ಲಿ ದೊಡ್ಡ ದಂಧೆ, ಶಾಸಕರ ಚೀಟಿಯಿಂದ ಒಳಗೆ ಬಂದವರನ್ನು ನಾನೇ ಕ್ಯಾಮೆರಾ ಮುಂದೆ ತೋರಿಸಿದ್ದೀನಿ. ಆದರೆ ಪಂಪ್ ಹೌಸಿನ ಸ್ವಿಚ್ ಒತ್ತುವವನನ್ನು, ಕಚೇರಿಯ ಕಕ್ಕಸು ತೊಳೆಯುವವಳನ್ನು ಹಿಂಬಾಗಿಲಿಂದ ಒಳಗೆ ಬಿಟ್ಟದ್ದು ಯಾರು? ಬಾಗಿಲು ತೆಗೆದವನು ಪಿಂಚಣಿ ತಗೊಂಡು ಮನೆಗೆ ಹೋದ. ಶಿಕ್ಷೆ ಒಳಗೆ ಬಂದವರಿಗೆ. 2012ರಲ್ಲಿ ನಮ್ಮ ವಿಧಾನಮಂಡಲ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಬೇಕಾಗಿ ಬಂದದ್ದೂ ಈ ಸಿಕ್ಕಿನಿಂದಲೇ.

ಹೆಸರು ಬದಲಿಸುವ ಇನ್ನೊಂದು ಇತಿಹಾಸ ಇದೆ. ರೈಲ್ವೆಯ ಗ್ಯಾಂಗ್‌ಮನ್ ಟ್ರ್ಯಾಕ್‌ಮನ್ ಆದ, ಈಗ ಟ್ರ್ಯಾಕ್ ಮೇಂಟೇನರ್. ನಮ್ಮ ಲೈನ್‌ಮನ್ ಈಗ ಪವರ್‌ಮ್ಯಾನ್. ಇದನ್ನು ನಾನು ಲೇವಡಿ ಮಾಡ್ತಿಲ್ಲ. ಜಾತಿಯ ಹೆಸರೇ ಹುದ್ದೆಯ ಹೆಸರಾಗಿದ್ದ ದೇಶದಲ್ಲಿ ‘ಪೌರಕಾರ್ಮಿಕ’ ಅನ್ನೋ ಪದ ಸಣ್ಣ ಸಾಧನೆ ಅಲ್ಲ. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1976ರಲ್ಲಿ ಐಪಿಡಿ ಸಾಲಪ್ಪ ಸಮಿತಿಯ ವರದಿ ಇವರ ಬದುಕಿನ ಲೆಕ್ಕ ಮುಂದಿಟ್ಟಿತು, ಇಷ್ಟು ಜನಸಂಖ್ಯೆಗೆ ಇಷ್ಟು ಮಂದಿ ಬೇಕೇ ಬೇಕು ಅಂತ. ಆಮೇಲೆ ಗುತ್ತಿಗೆ ಬಂತು.

2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ಬೆಂಗಳೂರು ನಾಲ್ಕು ದಿನಕ್ಕೆ ನಾರಿತು. ಸರ್ಕಾರ ಬಗ್ಗಿತು, ಸೆಪ್ಟೆಂಬರಿನಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಸಂಪುಟ ಒಪ್ಪಿತು. ನಾವು ಚಾನೆಲ್‌ನಲ್ಲಿ ದೊಡ್ಡದಾಗಿ ಬ್ರೇಕಿಂಗ್ ಹಾಕಿದೆವು. ಆಮೇಲೆ ಒಂದು ಫೋನು ಬಂತು. ಕಸದ ಆಟೊ ಓಡಿಸುವವರದು. ‘ಪೊರಕೆ ಹಿಡಿದವರು ಲಿಸ್ಟಲ್ಲಿದ್ದಾರೆ ಸರ್. ಅವರು ಗುಡಿಸಿದ ಕಸ ಹೊತ್ತೊಯ್ಯುವ ನಾವು ಇಲ್ಲ.’ ಡ್ರೈವರ್, ಲೋಡರ್, ಒಳಚರಂಡಿಯವರು ಹೊರಗುಳಿದರು. ಒಂದೇ ಕಸ, ಒಂದೇ ಬೀದಿ, ಬೇರೆ ಬೇರೆ ಖಾನೆ.

ಇನ್ನು ಗುತ್ತಿಗೆಯ ಕಥೆ. ಇದನ್ನು ಹೇಳಲೆಂದೇ ಇಷ್ಟು ಸುತ್ತಿ ಬಂದೆ. 1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ವರ್ಷಪೂರ್ತಿ ನಡೆಯುವ ಕೆಲಸಕ್ಕೆ ಗುತ್ತಿಗೆಯನ್ನು ಸರ್ಕಾರ ನಿಷೇಧಿಸಬಹುದು ಅಂತ ಅದರ ಹತ್ತನೇ ಸೆಕ್ಷನ್. 1976ರ ಡಿಸೆಂಬರ್ 9ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ತನ್ನ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸುವುದು, ತೊಳೆಯುವುದು, ಧೂಳು ಒರೆಸುವುದು, ಕಾವಲು ಕಾಯುವುದು, ಇವಕ್ಕೆ ಗುತ್ತಿಗೆ ಕೂಡದು ಅಂತ. ಕಟ್ಟಡ ಇರೋವರೆಗೆ ಧೂಳು ಬೀಳುತ್ತೆ ಅನ್ನೋ ಸರಳ ಸತ್ಯವನ್ನು ದೆಹಲಿ ಒಪ್ಪಿಕೊಂಡ ದಿನ ಅದು.

ಇಪ್ಪತ್ತು ವರ್ಷ ಆದಮೇಲೆ, 1996ರಲ್ಲಿ, ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಗುತ್ತಿಗೆ ನಿಷೇಧ ಆದಮೇಲೆ ಆ ಕೆಲಸಗಾರರು ನೇರವಾಗಿ ಸಂಸ್ಥೆಯವರೇ ಆಗಬೇಕು ಅಂದಿತು. ಐದು ವರ್ಷವೂ ಬಾಳಲಿಲ್ಲ. 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು. ಕಾಯ್ದೆಯಲ್ಲಿ ಹಾಗೆ ಬರೆದಿಲ್ಲ ಅಂದಿತು. 1976ರ ಅಧಿಸೂಚನೆಯನ್ನೂ, ಸರಿಯಾಗಿ ವಿಚಾರ ಮಾಡಿ ಹೊರಡಿಸಿದ್ದಲ್ಲ ಅಂತ ಮುಂದಿನ ದಿನಗಳಿಗೆ ಅನ್ವಯವಾಗುವಂತೆ ರದ್ದು ಮಾಡಿತು.

ಈಗ 2020ರ ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ತೆಗೆದು ನೋಡಿ. ಸಂಸ್ಥೆಯ ‘ಮುಖ್ಯ ಚಟುವಟಿಕೆ’ಗೆ ಗುತ್ತಿಗೆ ಕಾರ್ಮಿಕರನ್ನು ಹಾಕುವಂತಿಲ್ಲ ಅಂತ ಅದರಲ್ಲಿದೆ, ಅದಕ್ಕೂ ಕೆಲವು ವಿನಾಯಿತಿಗಳಿವೆ. ಒಳ್ಳೆಯದೇ. ಮುಖ್ಯ ಅಲ್ಲದ್ದು ಯಾವುದು ಅಂತಲೂ ಪಟ್ಟಿ ಕೊಟ್ಟಿದ್ದಾರೆ. ಸಂಸ್ಥೆ ಹುಟ್ಟಿದ್ದೇ ಆ ಕೆಲಸಕ್ಕಲ್ಲದಿದ್ದರೆ, ಗುಡಿಸುವುದು, ತೊಳೆಯುವುದು, ಧೂಳು ಒರೆಸುವುದು, ಕಾವಲು, ತೋಟದ ಕೆಲಸ, ಹೌಸ್‌ಕೀಪಿಂಗ್, ಸಿವಿಲ್ ಕೆಲಸ ಮತ್ತದರ ನಿರ್ವಹಣೆ, ಇವು ಯಾವುವೂ ಮುಖ್ಯ ಅಲ್ಲ. ಪದಗಳನ್ನು ಗಮನಿಸಿದಿರಾ? 1976ರಲ್ಲಿ ಗುತ್ತಿಗೆ ಕೂಡದು ಅಂದ ಪಟ್ಟಿಯೇ 2020ರಲ್ಲಿ ಗುತ್ತಿಗೆಗೆ ಅಡ್ಡಿ ಇಲ್ಲ ಅನ್ನೋ ಪಟ್ಟಿಯಾಗಿದೆ. ನಾಲ್ಕೂ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿ. 1946ರ ಆ ನೂರು ಕೆಲಸಗಾರರ ಮಿತಿ ಈಗ 300. ನಮ್ಮ ಎಲೆಕ್ಟ್ರೀಷಿಯನ್ ಕಂಟ್ರಾಕ್ಟರ್ ಹತ್ತಿರ ಅಷ್ಟು ಜನ ಎಲ್ಲಿಂದ ಬರಬೇಕು? ಅವರೇ ಲೆಕ್ಕ ಹೇಳಿದರು, ಒಟ್ಟು ನಲವತ್ತು.

ಎಲ್ಲ ಬಾಗಿಲೂ ಮುಚ್ಚಿದೆ ಅಂದರೆ ಸುಳ್ಳಾಗುತ್ತೆ. 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ, ತಾತ್ಕಾಲಿಕ ನೌಕರನೂ ಕಾಯಂ ನೌಕರನ ಕೆಲಸವನ್ನೇ ಮಾಡ್ತಿದ್ದರೆ ವೇತನ ಶ್ರೇಣಿಯ ಕನಿಷ್ಠವಾದರೂ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿತು. 2019ರಲ್ಲಿ ಪ್ರೇಮ್ ಸಿಂಗ್ ಪ್ರಕರಣದಲ್ಲಿ, ವರ್ಕ್ ಚಾರ್ಜ್ಡ್ ಆಗಿ ದುಡಿದ ವರ್ಷಗಳನ್ನು ಪಿಂಚಣಿಗೆ ಎಣಿಸಿ ಅಂದಿತು. ಜಲ್ಲಿ-ಡಾಂಬರಿನ ಪಟ್ಟಿಯಲ್ಲಿದ್ದ ಮನುಷ್ಯನನ್ನು ಅಲ್ಲಿಂದ ಈಚೆಗೆ ತೆಗೆಯಲು ಅಷ್ಟು ಕಾಲ ಹಿಡೀತು. 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದ ತೀರ್ಪು ಬಂತು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಕಸ ಗುಡಿಸಿ, ಧೂಳು ಒರೆಸಿ, ಗಿಡ ನೋಡಿಕೊಂಡ ನಾಲ್ವರು. ಕಾಗದದಲ್ಲಿ ‘ಪಾರ್ಟ್‌ಟೈಮ್’. 2018ರಲ್ಲಿ ದಿಢೀರ್ ಅಂತ ಮನೆಗೆ ಕಳಿಸಿದ್ದರು. ಕೋರ್ಟು ಅವರನ್ನು ಕಾಯಂ ಮಾಡಲು ಹೇಳಿತು. ಉಮಾದೇವಿ ತೀರ್ಪನ್ನು ಇಂಥವರ ಮೇಲೆ ಆಯುಧದಂತೆ ಬಳಸಬೇಡಿ ಅನ್ನೋ ಅರ್ಥದ ಮಾತನ್ನೂ ಆಡಿತು.

ನಾಲ್ವರಿಗೆ ದೆಹಲಿಯ ತನಕ ಹೋಗಲು ಆಯ್ತು. ಹೋಗದವರು?

ಇಷ್ಟೆಲ್ಲ ಓದಿಕೊಂಡು ನಾನು ನಮ್ಮ ಕಟ್ಟಡದ ಆಡಳಿತದವರ ಹತ್ತಿರ ಹೋದೆ. ಹನ್ನೊಂದು ವರ್ಷದ ಎಲೆಕ್ಟ್ರೀಷಿಯನ್ ಚೀಟಿಯಲ್ಲಿ ‘ಹೆಲ್ಪರ್’ ಅಂತ ಯಾಕಿದೆ ಅಂತ ಕೇಳಿದೆ. ಕಾಫಿ ತರಿಸಿದರು, ನಗುತ್ತಾ ಹೇಳಿದರು: ‘ಅವರು ನಮ್ಮವರಲ್ಲ ಸರ್. ವೆಂಡರ್ ಕಡೆಯವರು.’ ವೆಂಡರ್‌ಗೆ ಫೋನ್ ಮಾಡಿದೆ. ‘ನಿಮ್ಮ ಕಡೆಯವರು ಟೆಂಡರಿನಲ್ಲಿ ಹೆಲ್ಪರ್ ಅಂತಲೇ ಕೇಳಿದ್ದು ಸರ್. ಎಲೆಕ್ಟ್ರೀಷಿಯನ್ ಬೇಕು ಅಂದಿದ್ದರೆ ರೇಟು ಬೇರೆ ಆಗ್ತಿತ್ತು’ ಅಂದರು. ಇಬ್ಬರೂ ಹೇಳಿದ್ದು ನಿಜವೇ. ಅವರನ್ನು ಪ್ರೈಮ್ ಟೈಮಿನಲ್ಲಿ ಕೂರಿಸಿ ಗದರಿಸುವಷ್ಟು ಸ್ವಾತಂತ್ರ್ಯ ನನಗೂ ಇಲ್ಲ, ಅದನ್ನು ಮುಚ್ಚಿಡೋದು ಬೇಡ. ಮುಂದಿನ ಟೆಂಡರಿನಲ್ಲಿ ಆ ಪದ ಬದಲಿಸಿ ಅಂತ ಒಂದು ಮೇಲ್ ಹಾಕಿದ್ದೀನಿ. ಉತ್ತರ ಬಂದಿಲ್ಲ.

ಕಳೆದ ವಾರ ಮೇಕಪ್ ರೂಮಿನ ಎಸಿ ಕೆಟ್ಟಿತ್ತು. ಅವರೇ ಬಂದರು. ಎಸಿ ಕೆಲಸ ಹೆಲ್ಪರ್‌ದೂ ಅಲ್ಲ, ಎಲೆಕ್ಟ್ರೀಷಿಯನ್‌ದೂ ಅಲ್ಲ, ಅದಕ್ಕೆ ಬೇರೆ ಮೆಕ್ಯಾನಿಕ್ ಇರಬೇಕು, ಆದರೆ ಬಂದದ್ದು ಅವರೇ. ಈ ವಿಷಯದ ಮೇಲೆ ಪ್ರೋಗ್ರಾಂ ಮಾಡ್ತಿದ್ದೀನಿ ಅಂದೆ.

‘ಯಾವಾಗ ಬರುತ್ತೆ ಸರ್?’

‘ಶುಕ್ರವಾರ, ರಾತ್ರಿ ಒಂಬತ್ತಕ್ಕೆ.’

‘ಶುಕ್ರವಾರ ನಂದು ನೈಟ್ ಶಿಫ್ಟು ಸರ್’ ಅಂದರು, ಏಣಿ ಮಡಿಸುತ್ತಾ. ‘ಕೆಳಗೆ ಯುಪಿಎಸ್ ರೂಮಲ್ಲಿ ಇರ್ತೀನಿ.’